ಇನ್ನು ಸಾಕು, ನಿಲ್ಲಿಸೋಣ ಎಂದ ಬೋರ್‌ವೆಲ್ ತಂಡ

ಬೋರ್‌ವೆಲ್ ಕೊರೆಯುವವರಿಗೆ ದುಡ್ಡು ಬರುವುದು ಅಡಿ ಲೆಕ್ಕದಲ್ಲಿ. ಆಳ ಹೆಚ್ಚಿದಷ್ಟೂ ಬಿಲ್ ಹೆಚ್ಚು. ಹೀಗಿರುವಾಗ ರಿಗ್ ಮಾಲೀಕರೇ 300 ಅಡಿಗೆ ಯಂತ್ರ ನಿಲ್ಲಿಸಿ, "ಇನ್ನು ಕೆಳಗೆ ಹೋದರೆ ಬರೀ ಕಲ್ಲು ಕೊರೆಸಿದ ಹಾಗಾಗುತ್ತೆ, ಸಾಕು ಮಾಡೋಣ" ಎಂದರು. ನಾನು ಈ ವಿಮರ್ಶೆ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಆ ಮಾತು. ತಂಡದ ಹೆಸರು ಹಾಕುತ್ತಿಲ್ಲ. ಹೊಗಳುವಷ್ಟು ಇದೆ, ದೂರುವುದೂ ಇದೆ. ಹೆಸರಿಗಿಂತ ಅವರು ಕೆಲಸ ಮಾಡಿದ ರೀತಿ ತಿಳಿದರೆ, ನೀವು ಯಾರನ್ನೇ ಕರೆದರೂ ಉಪಯೋಗಕ್ಕೆ ಬರುತ್ತದೆ.

ನಾನು ಸಸಿ ಬೆಳೆಸಿ ಮಾರುವವಳು. ನೆರಳು ಬಲೆಯ ಕೆಳಗೆ ಸಾಲು ಸಾಲು ಪಾಕೆಟ್‌ಗಳಲ್ಲಿ ಎಳೆ ಗಿಡಗಳು ಇರುತ್ತವೆ. ಬಿಸಿಲು ಜಾಸ್ತಿಯಾದಾಗ ಎರಡು ಹೊತ್ತು ನೀರು ಬೇಕು, ಒಂದು ಹೊತ್ತು ತಪ್ಪಿದರೂ ಎಳೆ ಬೇರು ಸುಟ್ಟುಹೋಗುತ್ತದೆ. ಜಾಗದಲ್ಲಿ ಹಳೆಯದೊಂದು ತೆರೆದ ಬಾವಿ ಇದೆ. ಮಳೆ ಮುಗಿದ ಮೇಲೆ ಕೆಲವು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ತಳ ಕಾಣುತ್ತದೆ. ಬೋರು ಹಾಕಿಸದೆ ಬೇರೆ ದಾರಿ ಇರಲಿಲ್ಲ.

ಫೋನ್ ಮಾಡಿದಾಗಲೇ ಯಾರು ಹೇಗೆ ಅಂತ ಅರ್ಧ ಗೊತ್ತಾಗುತ್ತದೆ. ಒಬ್ಬರು ಎಷ್ಟು ಅಡಿ, ಯಾವತ್ತು ಬರಲಿ ಅಂತ ಮಾತ್ರ ಕೇಳಿದರು. ಇನ್ನೊಬ್ಬರು "ನೀರು ಗ್ಯಾರಂಟಿ" ಎಂದರು. ನೆಲದೊಳಗಿನ ನೀರಿಗೆ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಅವರನ್ನು ಅಲ್ಲೇ ಬಿಟ್ಟೆ. ಈ ತಂಡದ ಮಾಲೀಕರು ಮಾತ್ರ ದರ ಹೇಳುವ ಮೊದಲು ಪ್ರಶ್ನೆ ಶುರು ಮಾಡಿದರು. ತೆರೆದ ಬಾವಿ ಎಷ್ಟು ಆಳ, ತಳದಲ್ಲಿ ಬಂಡೆ ಇದೆಯಾ ಮಣ್ಣಾ? ಅಕ್ಕಪಕ್ಕದ ಬೋರುಗಳಲ್ಲಿ ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಎಷ್ಟು ಅಡಿ ಇಳಿದಿದೆ, ಮೊದಲ ನೀರು ಎಲ್ಲಿ ಸಿಕ್ಕಿತು, ಬೇಸಿಗೆಯಲ್ಲಿ ಎಲ್ಲಿಗೆ ಇಳಿಯುತ್ತದೆ? ಗಾಡಿ ಬರುವ ದಾರಿಯ ಮೇಲೆ ಕರೆಂಟ್ ತಂತಿ ಇದೆಯಾ? ಕೊನೆಗೆ, ಶೌಚದ ಗುಂಡಿ ಎಲ್ಲಿದೆ?

ಆ ಕೊನೆಯ ಪ್ರಶ್ನೆ ಕೇಳಿದವರು ಇವರೊಬ್ಬರೇ. ಶೌಚದ ಗುಂಡಿಗೂ ಕುಡಿಯುವ ನೀರಿನ ಬೋರಿಗೂ ನಡುವೆ 50ರಿಂದ 100 ಅಡಿಯಾದರೂ ಇರಲಿ ಎನ್ನುವುದು ಹಲವು ಕಡೆಯ ನಿಯಮ. ಬಿರುಕು ಬಿಟ್ಟ ಬಂಡೆಯಲ್ಲಿ ಅಷ್ಟೂ ಸಾಲದೆ ಹೋಗಬಹುದು. ಮರಳಿನಲ್ಲಿ ನೀರು ನಿಧಾನವಾಗಿ ಸೋಸಿಕೊಂಡು ಹೋಗುತ್ತದೆ. ಬಿರುಕಿನಲ್ಲಿ ಸೋಸುವುದಕ್ಕೆ ಏನೂ ಇಲ್ಲ, ಸೀದಾ ಹರಿದು ಬರುತ್ತದೆ. ಅದಕ್ಕೇ ಗುಂಡಿಗಿಂತ ಎತ್ತರದ ಕಡೆ ಬೋರು ಇರಬೇಕು ಎಂದು ಫೋನಿನಲ್ಲೇ ಹೇಳಿದರು.

ಎಲ್ಲಿ ಕೊರೆಯಬೇಕು ಎಂದು ಪಾಯಿಂಟ್ ಗುರುತು ಮಾಡುವ ಕೆಲಸ ರಿಗ್‌ನವರದ್ದಲ್ಲ, ಅದಕ್ಕೆ ಬೇರೆಯವರನ್ನು ಕರೆಸಿ ಅಂತ ಅವರೇ ಹೇಳಿದರು. ಭೂಗರ್ಭಶಾಸ್ತ್ರ ಓದಿದ ಒಬ್ಬ ಹುಡುಗಿ ಬಂದಳು. ಅವಳಿಂದ ಕಲಿತದ್ದು ಬಹಳ.

ನೆಲದ ಕೆಳಗೆ ನದಿಯ ಹಾಗೆ ನೀರು ಹರಿಯುತ್ತಿರುತ್ತದೆ, ಸರಿಯಾದ ಜಾಗಕ್ಕೆ ತೂತು ಬಿದ್ದರೆ ಸಾಕು ಅಂತ ತುಂಬಾ ಜನ ನಂಬುತ್ತಾರೆ. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಕಲ್ಲು ಕರಗಿ ಗವಿಗಳಾಗಿರುವ ಕಡೆ ನಿಜಕ್ಕೂ ಹಾಗೆ ಹರಿಯುವುದುಂಟು. ಉಳಿದ ಕಡೆ ನೀರು ಇರುವುದು ಮಣ್ಣಿನ, ಮರಳಿನ ಕಣಗಳ ನಡುವಿನ ಸಂದಿಯಲ್ಲಿ, ಬಂಡೆಯ ಬಿರುಕಿನಲ್ಲಿ. ಸಂದಿ ಎಷ್ಟಿದೆ ಎನ್ನುವುದು ಒಂದು ಮಾತು, ಆ ಸಂದಿ ನೀರನ್ನು ಬಿಟ್ಟುಕೊಡುತ್ತದಾ ಎನ್ನುವುದು ಬೇರೆ ಮಾತು. ಇದನ್ನು ಅವಳು ಹೇಳಿದಾಗ ನನಗೆ ಕೂಡಲೇ ಅರ್ಥವಾಯಿತು. ಜೇಡಿ ಜಾಸ್ತಿ ಇರುವ ಮಣ್ಣನ್ನು ಕುಂಡಕ್ಕೆ ತುಂಬಿ ನೀರು ಹಾಕಿ ನೋಡಿ. ದಿನಗಟ್ಟಲೆ ಒದ್ದೆ ಇರುತ್ತದೆ, ಆದರೆ ಕೆಳಗಿನ ತೂತಿನಿಂದ ಹನಿಯೂ ಇಳಿಯುವುದಿಲ್ಲ. ಜೇಡಿಮಣ್ಣಿನಲ್ಲಿ ಅರ್ಧದಷ್ಟು ಜಾಗ ಸಂದಿಯೇ ಇರಬಹುದು, ಆದರೂ ಅಲ್ಲಿ ಬೋರು ಕೊರೆದರೆ ನೀರು ಸಿಗುವುದಿಲ್ಲ. ಒಡೆಯದ ಗಟ್ಟಿ ಗ್ರಾನೈಟ್‌ನಲ್ಲಿ ಸಂದಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಅದೇ ಗ್ರಾನೈಟ್‌ನಲ್ಲಿ ಒಂದಕ್ಕೊಂದು ಸೇರಿದ ನಾಲ್ಕು ಒಳ್ಳೆಯ ಬಿರುಕು ಸಿಕ್ಕರೆ ಒಂದು ತೋಟ ಬದುಕುತ್ತದೆ.

ಇದನ್ನು ಮೊದಲು ಅಳತೆ ಮಾಡಿ ಲೆಕ್ಕಕ್ಕೆ ತಂದವರು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ದಿಜಾನ್ ಊರಿಗೆ ನೀರು ತಂದವರು ಅವರು. ಕೊಳವೆಯಲ್ಲಿ ಮರಳು ತುಂಬಿ, ಅದರ ಮೂಲಕ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದು 1856ರಲ್ಲಿ ಪ್ರಕಟಿಸಿದರು. ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ಸಾಗುವ ದಾರಿ ಉದ್ದವಾದಷ್ಟೂ ಕಡಿಮೆ, ಉಳಿದದ್ದೆಲ್ಲ ಆ ಮಣ್ಣು ಅಥವಾ ಕಲ್ಲಿನ ಗುಣ. ಆ ಗುಣದಲ್ಲಿ ಜಲ್ಲಿಗೂ ಜೇಡಿಗೂ ಇರುವ ಅಂತರ ಹತ್ತು ಲಕ್ಷ ಪಟ್ಟಿಗೂ ಮೀರಿದ್ದು. ಪಕ್ಕದವರ ಜಾಗದಲ್ಲಿ ನೀರು ಚಿಮ್ಮಿ, ಬೇಲಿಯ ಈಚೆ ಒಣ ಪುಡಿ ಬರುವುದು ಯಾಕೆ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ನಮ್ಮ ಜಾಗದ್ದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಮೊರಂಬು, ಅದರ ಕೆಳಗೆ ಕಲ್ಲು. ಮೊರಂಬು ಎಂದರೆ ಕೊಳೆತ ಬಂಡೆ. ಲಕ್ಷಾಂತರ ವರ್ಷ ನೀರು ಇಳಿದು ಇಳಿದು ಬಂಡೆಯ ಒಳಗಿನ ಕೆಲವು ಖನಿಜಗಳು ಜೇಡಿಯಾಗಿರುತ್ತವೆ, ಬಿಳಿ ಕಲ್ಲಿನ ಹರಳು ಮಾತ್ರ ಹಾಗೇ ಉಳಿದಿರುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಮಳೆನೀರು ತುಂಬಿಕೊಳ್ಳುವುದು ಈ ಪದರದಲ್ಲಿ. ಕೆಳಗಿನ ಬಿರುಕುಗಳು ಆ ನೀರನ್ನು ಕೆಳಕ್ಕೆ ಇಳಿಸಿಕೊಳ್ಳುತ್ತವೆ. ಅಂದರೆ ಮೊರಂಬು ಉಗ್ರಾಣ, ಬಿರುಕು ದಾರಿ. ಮೊರಂಬು ತೆಳುವಾಗಿದ್ದರೆ ಕೆಳಗೆ ಎಷ್ಟು ಒಳ್ಳೆಯ ಬಿರುಕು ಸಿಕ್ಕರೂ ಮೊದಲ ಬೇಸಿಗೆಗೇ ಸೊರಗುತ್ತದೆ ಎಂದಳು. ನೀರು ಕೊಟ್ಟು ನಿಂತುಹೋದ ಬೋರುಗಳ ಕಥೆ ಕೇಳಿದಾಗಲೆಲ್ಲ ನನಗೀಗ ಈ ಮಾತು ನೆನಪಾಗುತ್ತದೆ.

ಅವಳು ಮೊದಲು ಯಂತ್ರ ತೆಗೆಯಲೇ ಇಲ್ಲ. ಜಾಗವನ್ನೆಲ್ಲ ನಡೆದು ನೋಡಿದಳು. ಅಡ್ಡಲಾಗಿ ಒಂದು ಕರಿಕಲ್ಲಿನ ಸಾಲು ಹೋಗಿದೆ. ಅಲ್ಲಲ್ಲಿ ದುಂಡು ಗುಂಡುಗಳಾಗಿ ಮೇಲೆದ್ದಿದೆ. ನಾವು ಅದನ್ನು ಸುಮ್ನೆ ಕಲ್ಲು ಎಂದುಕೊಂಡಿದ್ದೆವು. ಅದು ಡೈಕ್. ಹಳೆಯ ಬಂಡೆ ಸೀಳಿದಾಗ ಆ ಸೀಳಿಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದದ್ದು, ನೆಲದೊಳಗೆ ನಿಂತ ಗೋಡೆ. ಒಡೆಯದ ಡೈಕ್ ನೀರನ್ನು ತಡೆಯುತ್ತದೆ. ಇಳಿಜಾರಿನ ಮೇಲಿನ ಕಡೆ ನೀರು ನಿಲ್ಲುತ್ತದೆ, ಕೆಳಗಿನ ಕಡೆ ಕಡಿಮೆಯಾಗುತ್ತದೆ. ಡೈಕ್‌ಗೆ ಅಂಟಿಕೊಂಡ ಬಂಡೆ ಹಲವು ಸಲ ಹೆಚ್ಚು ಬಿರುಕು ಬಿಟ್ಟಿರುತ್ತದೆ. ಕೆಳಗಿನ ಕಡೆ ಇರುವ ಅಕ್ಕಪಕ್ಕದವರ ಬೋರುಗಳು ಸೊರಗಿದ್ದು, ಮೇಲಿನ ಕಡೆ ಇರುವ ನಮ್ಮ ತೆರೆದ ಬಾವಿ ಸುಮಾರು ದಿನ ನಿಲ್ಲುವುದು ಎರಡೂ ಒಟ್ಟಿಗೆ ಅರ್ಥವಾದವು.

ಆಮೇಲೆ ಕಬ್ಬಿಣದ ಗೂಟಗಳನ್ನು ಸಾಲಾಗಿ ನೆಟ್ಟು ಕರೆಂಟ್ ಹಾಯಿಸಿ ನೋಡಿದಳು. ಎರಡು ಗೂಟದಲ್ಲಿ ಕರೆಂಟ್ ಒಳಗೆ ಹೋಗುತ್ತದೆ, ನಡುವಿನ ಎರಡು ಗೂಟ ವೋಲ್ಟೇಜ್ ಅಳೆಯುತ್ತವೆ. ಹೊರಗಿನ ಗೂಟ ದೂರ ದೂರ ಸರಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ಒಣ ಬಂಡೆ ಕರೆಂಟ್ ತಡೆಯುತ್ತದೆ, ಒದ್ದೆ ಮೊರಂಬು ಬಿಡುತ್ತದೆ. ಫ್ರಾನ್ಸಿನ ಕಾನ್‌ರಾಡ್ ಶ್ಲಂಬರ್ಜೆ 1912ರಲ್ಲಿ ಬಯಲಲ್ಲಿ ಪ್ರಯೋಗ ಶುರು ಮಾಡಿದ ವಿಧಾನ ಇದು, ಅವರು ಹುಡುಕುತ್ತಿದ್ದದ್ದು ಅದಿರು. ಇದರ ಮಿತಿಯನ್ನೂ ಅವಳೇ ಹೇಳಿದಳು. ಜೇಡಿಯೂ ಉಪ್ಪುನೀರೂ ಕರೆಂಟನ್ನು ಚೆನ್ನಾಗಿ ಬಿಡುತ್ತವೆ, ಆದ್ದರಿಂದ ಯಂತ್ರ ಒಳ್ಳೆಯ ಅಂಕಿ ತೋರಿಸಿದರೂ ಸಿಹಿನೀರು ಸಿಗದೆ ಇರಬಹುದು. ಯಂತ್ರ ತೋರಿಸಿದ್ದು, ನಡೆದು ಕಂಡದ್ದು, ಸುತ್ತಲಿನ ಬೋರುಗಳು ಹೇಳಿದ್ದು, ಮೂರೂ ಒಂದೇ ಕಡೆ ಬೆರಳು ಮಾಡಿದಲ್ಲಿ ಗೂಟ ಹೊಡೆದಳು. ಡೈಕ್‌ನ ಮೇಲಿನ ಕಡೆ, ಶೌಚದ ಗುಂಡಿಯಿಂದ ಸಾಕಷ್ಟು ದೂರ.

ಕವಲು ಕಡ್ಡಿ ಹಿಡಿದು ನೋಡುವವರನ್ನು ಕರೆಸಬಹುದಿತ್ತಲ್ವಾ ಅಂತ ಮನೆಯಲ್ಲೂ ಕೇಳಿದರು. ಕಡ್ಡಿಯ ಬಗ್ಗೆ ಜರ್ಮನಿಯ ಗಣಿ ಪಂಡಿತ ಅಗ್ರಿಕೋಲ 1556ರಷ್ಟು ಹಿಂದೆಯೇ ಬರೆದಿದ್ದಾನೆ. ಕೆಲಸ ಬಲ್ಲ ಗಣಿಯವನಿಗೆ ಅದು ಬೇಡ, ನೆಲದ ಗುರುತುಗಳನ್ನು ಓದಿದರೆ ಸಾಕು ಎಂಬುದು ಅವನ ಮಾತಿನ ಸಾರ. ಕಡ್ಡಿ ಬಾಗಿದ ಕಡೆ ನೀರು ಬಿದ್ದ ಉದಾಹರಣೆ ಎಲ್ಲರ ಬಳಿಯೂ ಇರುತ್ತದೆ. ಅದಕ್ಕೆ ಕಾರಣ ಇದೆ. ಎಷ್ಟೋ ಪ್ರದೇಶಗಳಲ್ಲಿ ಎಲ್ಲಿ ಕೊರೆದರೂ ಸ್ವಲ್ಪ ನೀರು ಬಂದೇ ಬರುತ್ತದೆ. ಎಷ್ಟು ಬರುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಕುಡಿಯಲು ಯೋಗ್ಯವಾ ಎನ್ನುವುದೇ ಪ್ರಶ್ನೆ. ಅದನ್ನು ಕಡ್ಡಿ ಹೇಳುವುದಿಲ್ಲ.

ಇನ್ನು ಕೊರೆದ ದಿನದ ವಿಷಯ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮಂಥ ಗಟ್ಟಿ ನೆಲಕ್ಕೆ ಬಳಸುವುದು ಗಾಳಿಯ ರಿಗ್. ಕಂಪ್ರೆಸರ್‌ನಿಂದ ಬರುವ ಗಾಳಿ ರಾಡ್‌ಗಳ ಒಳಗಿಂದ ತಳಕ್ಕೆ ಹೋಗಿ ಅಲ್ಲಿರುವ ಹ್ಯಾಮರ್ ಅನ್ನು ಬಡಿಸುತ್ತದೆ. ಅದರ ತುದಿಯ ಬಿಟ್ ತಿರುಗುತ್ತಾ ಬಡಿಯುತ್ತಾ ಕಲ್ಲನ್ನು ಚೂರು ಮಾಡುತ್ತದೆ. ಅದೇ ಗಾಳಿ ಚೂರನ್ನು ಹೊತ್ತು ಮೇಲಕ್ಕೆ ಉಗುಳುತ್ತದೆ. ಅಂದರೆ ಕೆಳಗಿರುವ ಬಂಡೆ ತುಂಡು ತುಂಡಾಗಿ ನಿಮ್ಮ ಕಾಲ ಬಳಿಗೇ ಬಂದು ಬೀಳುತ್ತಿರುತ್ತದೆ. ಸಾಮಾನ್ಯವಾಗಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಈ ತಂಡದಲ್ಲಿ ಒಬ್ಬ ಹುಡುಗನಿಗೆ ಅದೇ ಕೆಲಸ. ಪ್ರತಿ 10 ಅಡಿಗೆ ಒಂದು ಹಿಡಿ ಚೂರನ್ನು ಜರಡಿಯಲ್ಲಿ ಹಿಡಿದು, ತೊಳೆದು, ತಗಡಿನ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಿದ್ದ. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಆಳ ಬರೆಯುತ್ತಿದ್ದ.

ಆ ತಗಡು ನೋಡಿದರೆ ನಮ್ಮ ನೆಲವೇ ಮಲಗಿಸಿಟ್ಟಂತೆ ಕಾಣುತ್ತಿತ್ತು. ಮೊದಲ ಗುಡ್ಡೆ ಕೆಂಪು. ಆಮೇಲೆ ಹಳದಿ ಬಿಳುಪು ಮೊರಂಬು, 45 ಅಡಿಯವರೆಗೆ. 50ರಲ್ಲಿ ಚೂರುಗಳ ಅಂಚು ಹರಿತವಾಯಿತು, ಹ್ಯಾಮರ್ ಸದ್ದು ದಪ್ಪದಿಂದ ಕಂಚಿನ ಸದ್ದಾಯಿತು. ಕಲ್ಲು ಬಂತು ಎಂದರು. 55 ಅಡಿಗೆ ನಿಲ್ಲಿಸಿ ಕೇಸಿಂಗ್ ಇಳಿಸಿದರು. ಮೊರಂಬು ಮುಗಿದ ತಕ್ಷಣ ಕೇಸಿಂಗ್ ನಿಲ್ಲಿಸದೆ, ಗಟ್ಟಿ ಕಲ್ಲಿನೊಳಗೆ ಇನ್ನಷ್ಟು ಅಡಿ ಕೂರಿಸಿದ್ದು ಮುಖ್ಯ. ಸಂಧಿಯಲ್ಲೇ ಬಿಟ್ಟರೆ ಮಳೆಗಾಲದಲ್ಲಿ ಮಣ್ಣು ಜಾರಿ ಒಳಗೆ ಬೀಳುತ್ತದೆ, ಪಂಪ್ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಒಣ ಪುಡಿ. ಬೂದು ಬಿಳಿ ಪುಡಿ ಹೊಗೆಯಂತೆ ಎದ್ದು ಸುತ್ತಲಿನ ಎಲೆಗಳ ಮೇಲೆಲ್ಲ ಕೂತಿತು. 118 ಅಡಿಗೆ ಪುಡಿ ಏಳುವುದು ನಿಂತು, ಮುದ್ದೆ ಮುದ್ದೆಯಾಗಿ ಬರತೊಡಗಿತು. ನನಗೆ ಖುಷಿಯಾಯಿತು. ಡ್ರಿಲ್ಲರ್ ಮಾತ್ರ ಎಚ್ಚರವಾದರು. ಅರೆ ಒದ್ದೆ ಪುಡಿ ಗೋಡೆಗೆ ಬಳೆಯ ಹಾಗೆ ಅಂಟಿಕೊಂಡರೆ ಹ್ಯಾಮರ್ ಮೇಲೆ ಬರದೆ ಸಿಕ್ಕಿಬೀಳುತ್ತದಂತೆ. ಸ್ವಲ್ಪ ನೀರು ಬಿಟ್ಟು, ಗಾಳಿ ಊದಿ, ತೂತನ್ನು ಪೂರ್ತಿ ಸ್ವಚ್ಛ ಮಾಡಿದ ಮೇಲೆಯೇ ಮುಂದೆ ಹೋದರು. ಅವಸರದವರು ಇದನ್ನು ಬಿಡುತ್ತಾರೆ. ಅಂಟಿಕೊಂಡ ಪುಡಿ ಸಣ್ಣ ಬಿರುಕುಗಳ ಬಾಯನ್ನೂ ಮುಚ್ಚಿಬಿಡುತ್ತದೆ, ಇರುವ ನೀರೂ ಕಾಣದೆ ಹೋಗುತ್ತದೆ.

210 ಅಡಿಯಲ್ಲಿ ರಾಡ್ ಇದ್ದಕ್ಕಿದ್ದಂತೆ ಗೇಣು ಕುಸಿಯಿತು. ಹಿಂದೆಯೇ ನೀರು ಗಾಳಿಯ ಜೊತೆ ಸಿಡಿದು ಬಂತು. ಎಲ್ಲರೂ ನೀರು ನೋಡುತ್ತಿದ್ದರೆ ಮಾಲೀಕರು ಜರಡಿ ಹಿಡಿದರು. ತೊಳೆದ ಚೂರುಗಳಲ್ಲಿ ಒಂದನ್ನು ಅಂಗೈಯಲ್ಲಿ ಇಟ್ಟು ತೋರಿಸಿದರು. ಮೂರು ಕಡೆ ಹೊಸದಾಗಿ ಒಡೆದ ಬೂದು ಮೈ, ಒಂದು ಕಡೆ ಮಾತ್ರ ತುಕ್ಕಿನ ಬಣ್ಣ, ಮುಟ್ಟಿದರೆ ಸ್ವಲ್ಪ ನುಣುಪು. ಆ ತುಕ್ಕು ಹಿಡಿದ ಮೈ ಬಿರುಕಿನ ಗೋಡೆ. ಅಲ್ಲಿ ಬಹಳ ಕಾಲದಿಂದ ನೀರು ಓಡಾಡಿದೆ, ಮೇಲಿನ ಗಾಳಿ ಬೆರೆತ ನೀರು ಅಲ್ಲಿವರೆಗೂ ಇಳಿದಿದೆ, ಆದ್ದರಿಂದಲೇ ಕಲ್ಲಿನ ಕಬ್ಬಿಣ ತುಕ್ಕಾಗಿದೆ. ಅಂದರೆ ಇದು ಮಳೆಗೆ ಮತ್ತೆ ತುಂಬುವ ಬಿರುಕು ಅಂತ ನಂಬಬಹುದು ಎಂದರು. ಆ ಚೂರನ್ನು ನಾನು ಇಟ್ಟುಕೊಂಡಿದ್ದೇನೆ.

ಎಷ್ಟು ಇಂಚು ನೀರು ಬಂತು ಅಂತ ಎಲ್ಲರೂ ಕೇಳುತ್ತಾರೆ. ಈ ಇಂಚಿನ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಿ. ನೀರು ಹೋಗುವ ಕಾಲುವೆಗೆ ವಿ ಆಕಾರದ ಕಚ್ಚು ಇರುವ ತಗಡು ಅಡ್ಡ ಇಟ್ಟು, ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ಅಳೆಯುತ್ತಾರೆ. ಎತ್ತರ ಎರಡರಷ್ಟಾದರೆ ನೀರು ಎರಡರಷ್ಟಾಗುವುದಿಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕಚ್ಚು 90 ಡಿಗ್ರಿಯದಾಗಿದ್ದರೆ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, 2 ಇಂಚು ಎಂದರೆ ಸುಮಾರು 2,900 ಲೀಟರ್. ನಮ್ಮದು ಎರಡೂವರೆ ಇಂಚು, ಅಂದರೆ 5,000 ಲೀಟರ್ ಆಸುಪಾಸು. ಅಳತೆಯಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಸುಮ್ನೆ ಕಣ್ಣಳತೆಯಲ್ಲಿ ಹೇಳಿದ ಇಂಚನ್ನು ನಂಬಬೇಡಿ, ತಗಡು ಇಟ್ಟು ಸ್ಕೇಲ್ ಹಿಡಿಯಲು ಹೇಳಿ.

210ರ ನಂತರ 300ರವರೆಗೂ ಹೋದೆವು. ಚೂರಿನ ಬಣ್ಣ ಬದಲಾಗಲಿಲ್ಲ, ತುಕ್ಕಿನ ಮೈ ಒಂದೂ ಸಿಗಲಿಲ್ಲ, ತಗಡಿನ ಮೇಲಿನ ನೀರು ಒಂದು ಗೆರೆಯೂ ಏರಲಿಲ್ಲ. ಇಂಥ ಬಂಡೆಯಲ್ಲಿ ಆಳ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕು ಬಿಗಿಯುತ್ತಾ, ವಿರಳವಾಗುತ್ತಾ ಹೋಗುತ್ತದೆ. ಬಹುಪಾಲು ನೀರು ಮೇಲಿನ 300 ಅಡಿಯೊಳಗೇ ಸಿಗುತ್ತದೆ. ಇನ್ನೂ ಆಳದಲ್ಲಿ ಸಿಗುವುದೇ ಇಲ್ಲ ಅಂತಲ್ಲ. ಆದರೆ ಕೈಯಲ್ಲಿ ಒಂದು ಒಳ್ಳೆಯ ಬಿರುಕು ಇರುವಾಗ ಅದನ್ನು ಹುಡುಕುತ್ತಾ ಹೋಗುವುದು ದಂಡ. ಆಗಲೇ ಅವರು "ಸಾಕು ಮಾಡೋಣ" ಎಂದದ್ದು. ಕೇಳಿದ್ದರೆ ನಾನು 500 ಅಡಿಗೂ ಒಪ್ಪುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಹೇಳಿದರು. ಇದಕ್ಕೆ ನನ್ನ ಪೂರ್ತಿ ಗೌರವ ಇದೆ.

ಈಗ ದೂರು. ಕೆಸರು ನೀರು ಎಲ್ಲಿಗೆ ಹರಿಯಬೇಕು ಎಂದು ಮೊದಲೇ ಮಾತಾಡಿರಲಿಲ್ಲ. ಬಂದ ನೀರೆಲ್ಲ ಕಲ್ಲಿನ ಪುಡಿ ಹೊತ್ತು ಎರಡು ಸಾಲು ಸಸಿಗಳ ಮೇಲೆ ಹರಿಯಿತು. ಪುಡಿ ಒಣಗಿ ಸಿಮೆಂಟಿನಂತೆ ಗಟ್ಟಿಯಾಯಿತು, ಆ ಸಸಿಗಳು ಉಳಿಯಲಿಲ್ಲ. ರಿಗ್ ನಿಲ್ಲಿಸುವ ಮೊದಲೇ ಕಾಲುವೆ ತೋಡಿಸುವುದು ಅವರ ಕೆಲಸ. ಕೇಳಿದಾಗ "ಎಲ್ಲ ಕಡೆ ಹೀಗೇ ಆಗುತ್ತೆ" ಎಂದರು. ಇದು ನನಗೆ ಹಿಡಿಸಲಿಲ್ಲ.

ಎರಡನೆಯದು ಇನ್ನೂ ಗಂಭೀರ. ಕೇಸಿಂಗ್ ಪೈಪಿನ ಹೊರಮೈಗೂ ಮಣ್ಣಿಗೂ ನಡುವೆ ಸಂದು ಉಳಿಯುತ್ತದೆ. ಅದನ್ನು ಸಿಮೆಂಟ್ ಅಥವಾ ಬೆಂಟೊನೈಟ್ ಜೇಡಿಯಿಂದ ಮುಚ್ಚದಿದ್ದರೆ ಮೇಲಿನ ಕೊಳೆ ನೀರು ಪೈಪಿನ ಗುಂಟ ಇಳಿದು ನೇರವಾಗಿ ಬೋರಿಗೆ ಸೇರುತ್ತದೆ. ಇವರು ಬಗೆದ ಮಣ್ಣನ್ನೇ ತಳ್ಳಿ ಕಾಲಲ್ಲಿ ತುಳಿದು ಮುಗಿಸಲು ಹೊರಟಿದ್ದರು. ನಾನು ಪಟ್ಟು ಹಿಡಿದ ಮೇಲೆ ಸಿಮೆಂಟ್ ಹಾಲು ಇಳಿಸಿದರು. ಕಲ್ಲನ್ನು ಇಷ್ಟು ಚೆನ್ನಾಗಿ ಓದುವವರು ಇದನ್ನು ಹಗುರವಾಗಿ ತೆಗೆದುಕೊಂಡದ್ದು ಬೇಸರದ ವಿಷಯ. ನೀವು ಮಾಡಿಸುವುದಾದರೆ ಇದನ್ನು ಒಪ್ಪಂದದಲ್ಲೇ ಬರೆಸಿ.

ಬಾಯಿ ಮುಚ್ಚುವ ವಿಷಯವೂ ಹಾಗೆಯೇ. ಸಂಜೆ ಗೋಣಿಚೀಲ ತುರುಕಿ, ಮೇಲೊಂದು ಕಲ್ಲಿಟ್ಟು ಹೊರಡುವವರಿದ್ದರು. ಬಿಡಲಿಲ್ಲ. ಮುಚ್ಚಳ ಬೋಲ್ಟ್ ಹಾಕಿ ಬಿಗಿಯುವವರೆಗೆ ಗಾಡಿ ಹೊರಡಲು ಬಿಡಲಿಲ್ಲ. ತೆರೆದ ಬೋರಿಗೆ ಮಕ್ಕಳು ಬಿದ್ದು ಸತ್ತ ಸುದ್ದಿಗಳನ್ನು ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಾರದ ಬೋರಿಗೂ ಇದೇ ಮಾತು. ಮುಚ್ಚಳ ಸಾಲದು, ತುಂಬಿಸಿ ಮುಚ್ಚಬೇಕು.

ಪಂಪ್ ಅವರೇ ಮಾರುತ್ತಾರೆ. ಅದೇ ದಿನ ಆರ್ಡರ್ ಕೊಡಿ ಎಂದರು, ಬೇಡ ಎಂದೆ. ಗಾಳಿ ಊದುವಾಗ ಬರುವ ನೀರು ನಿಜವಾದ ಇಳುವರಿಯಲ್ಲ. ಬಿರುಕಿನಲ್ಲಿ ಅಷ್ಟು ಕಾಲ ಕೂಡಿಟ್ಟದ್ದೂ ಅದರಲ್ಲಿ ಸೇರಿರುತ್ತದೆ. ಬಾಡಿಗೆ ಪಂಪ್ ಇಳಿಸಿ ಹಗಲೆಲ್ಲ ಓಡಿಸಿ ನೋಡಿದೆವು. ಶುರುವಿನಲ್ಲಿ ನೀರು 38 ಅಡಿಯಲ್ಲಿ ನಿಂತಿತ್ತು. ಗಂಟೆಗೆ 5,000 ಲೀಟರ್ ಎತ್ತಿದಾಗ ಮಟ್ಟ ಇಳಿಯುತ್ತಲೇ ಹೋಯಿತು. 3,000ಕ್ಕೆ ಇಳಿಸಿದಾಗ ಒಂದು ಕಡೆ ಬಂದು ನಿಂತಿತು. ನಿಲ್ಲಿಸಿದ ಮೇಲೆ ಬೆಳಗಾಗುವಷ್ಟರಲ್ಲಿ ಮತ್ತೆ 40 ಅಡಿಗೆ ಏರಿತ್ತು. ಅಂದರೆ ನಮ್ಮ ಬೋರಿನ ಶಕ್ತಿ 3,000, ತಗಡು ತೋರಿಸಿದ 5,000 ಅಲ್ಲ. ಆ ಅಳತೆಗೆ ತಕ್ಕ ಪಂಪನ್ನು 195 ಅಡಿಯಲ್ಲಿ, ಮುಖ್ಯ ಬಿರುಕಿಗಿಂತ ಮೇಲೆ ಇಳಿಸಿದೆವು. ಇದರಲ್ಲಿ ಎರಡು ಲಾಭ ಇದೆ. ನೀರು ಬಿರುಕಿಗಿಂತ ಕೆಳಗೆ ಇಳಿಯುವುದಿಲ್ಲ, ಆದ್ದರಿಂದ ಬಿರುಕಿಗೆ ಗಾಳಿ ತಗುಲಿ ತುಕ್ಕಿನ ಕೆಸರು ಕಟ್ಟಿಕೊಳ್ಳುವುದು ತಪ್ಪುತ್ತದೆ. ಕೆಳಗಿಂದ ಬರುವ ನೀರು ಮೋಟಾರಿನ ಮೈ ಸವರಿಕೊಂಡು ಮೇಲೆ ಹೋಗುತ್ತದೆ, ಮೋಟಾರ್ ತಣ್ಣಗಿರುತ್ತದೆ. ತಳದಲ್ಲಿ ಇಳಿಸಿ, ನೀರು ಮೇಲಿಂದ ಬಂದರೆ ಮೋಟಾರ್ ಸುತ್ತ ನೀರು ನಿಂತಲ್ಲೇ ಬಿಸಿಯಾಗುತ್ತದೆ. ಈ ಸಲಹೆ ಕೊಟ್ಟದ್ದೂ ಅದೇ ಮಾಲೀಕರು.

ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೂ ಕ್ಲೋರಿನ್ ಹಾಕಿ ತೊಳೆಸಿ, ಲ್ಯಾಬ್‌ಗೆ ಕೊಟ್ಟೆ. ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ, ನಮ್ಮದು 1.1 ಬಂತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಬಾಂಗ್ಲಾದೇಶದಲ್ಲಿ ಕೆರೆ ನೀರಿನ ರೋಗಾಣುಗಳಿಂದ ಜನರನ್ನು ಪಾರು ಮಾಡಲೆಂದು ಲಕ್ಷಗಟ್ಟಲೆ ಕೊಳವೆ ಬಾವಿ ಹಾಕಿದರು. 1990ರ ದಶಕದಲ್ಲಿ ಆ ತಿಳಿನೀರಿನಲ್ಲಿ ಆರ್ಸೆನಿಕ್ ಇದೆ ಎಂದು ಗೊತ್ತಾಯಿತು. ಅದು ಯಾರೂ ಹೊರಗಿನಿಂದ ಬೆರೆಸಿದ್ದಲ್ಲ, ನೆಲದ ಮಣ್ಣಿನಿಂದಲೇ ಬಂದದ್ದು. ರುಚಿ, ಬಣ್ಣ, ವಾಸನೆ ಯಾವುದರಲ್ಲೂ ಅದು ತಿಳಿಯುವುದಿಲ್ಲ. ಕುಡಿಯುವುದಾದರೆ ಪರೀಕ್ಷೆ ಮಾಡಿಸಲೇಬೇಕು.

ಕೆಲಸ ಮುಗಿದ ಮೇಲೆ ಅವರು ಕೊಟ್ಟ ಒಂದು ಹಾಳೆ ನನ್ನ ಕಡತದಲ್ಲಿದೆ. ಎಷ್ಟು ಅಡಿಗೆ ಯಾವ ಕಲ್ಲು, ಎಲ್ಲಿ ನೀರು, ಎಷ್ಟು ಇಂಚು, ಕೇಸಿಂಗ್ ಉದ್ದ, ಪೈಪಿನ ದಪ್ಪ, ನೀರು ನಿಂತ ಮಟ್ಟ, ಎಲ್ಲ ಬರೆದಿದೆ. ಮುಂದೆ ಪಂಪ್ ಕೆಟ್ಟರೆ, ನೀರು ಕಮ್ಮಿಯಾದರೆ, ಪಕ್ಕದವರು ಬೋರು ಹಾಕಿಸಬೇಕೆಂದರೆ, ಎಲ್ಲದಕ್ಕೂ ಮೊದಲು ಬೇಕಾಗುವುದು ಈ ಹಾಳೆ. ಬೋರು ಕೊರೆದವರೆಲ್ಲ ಇದನ್ನು ಕೊಟ್ಟಿದ್ದರೆ ನಮ್ಮ ಸುತ್ತಲಿನ ನೆಲ ಹೇಗಿದೆ ಎನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಎಷ್ಟೋ ಒಣ ಬೋರುಗಳು ತಪ್ಪುತ್ತಿದ್ದವು.

ನಿಮ್ಮದು ಗಟ್ಟಿ ಬಂಡೆಯ ನೆಲವಾದರೆ ಇಂಥ ತಂಡವನ್ನು ಧೈರ್ಯವಾಗಿ ಕರೆಯಿರಿ. ಕಾಲುವೆ, ಸಿಮೆಂಟ್ ಸೀಲ್, ಮುಚ್ಚಳ ಮೂರನ್ನೂ ಮೊದಲೇ ಬರೆಸಿಕೊಳ್ಳಿ. ಮರಳು ನೆಲವಾದರೆ ಗಾಳಿಯ ರಿಗ್ ಕರೆಯಬೇಡಿ, ತೂತು ನಿಲ್ಲದೆ ಕುಸಿಯುತ್ತದೆ. ಅಲ್ಲಿಗೆ ಜೇಡಿ ಕಲಸಿದ ನೀರು ಸುತ್ತಿಸುತ್ತಾ ಕೊರೆಯುವ ರಿಗ್ ಬೇಕು, ಸಣ್ಣ ಸೀಳುಗಳಿರುವ ಪೈಪು ಬೇಕು, ಅದರ ಸುತ್ತ ತುಂಬಲು ಒಂದೇ ಗಾತ್ರದ ಸಣ್ಣ ಜಲ್ಲಿ ಬೇಕು. ಸಮುದ್ರದ ಹತ್ತಿರವಾದರೆ ಆಳದ ಆಸೆಯನ್ನೇ ಬಿಡಿ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಸಿಹಿನೀರು 1 ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಜಾಸ್ತಿ ಎತ್ತಿ ಮೇಲಿನ 1 ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ಏರಿ ಬರುತ್ತದೆ. ಅಂಥ ಕಡೆ ಆಳವಿಲ್ಲದ ಬಾವಿ, ಸಣ್ಣ ಪಂಪ್, ನಿಧಾನ. ಅದಕ್ಕೆ ಆ ನೆಲದಲ್ಲೇ ಕೆಲಸ ಮಾಡಿದವರನ್ನು ಹುಡುಕಿ, ಹಿಂದೆ ಕೊರೆದ ಬೋರುಗಳ ಹಾಳೆ ತೋರಿಸಿ ಎಂದು ಕೇಳಿ.